ಇಲಿ ಬಿದ್ದಾವಂತ ಹೇಳಾಕ ಹೋಗಿ

ನಮ್ಮ ಓಣ್ಯಾಗ ಇಲಿ ಸತ್ತ ಬೀಳಾಕ ಹತ್ತಿದ್ವು. ಇಲಿ ಬಿದ್ರ ಪ್ಲೇಗ, ಪ್ಲೇಗ ಬಂದ್ರ ಮನಿ ಬಿಟ್ಟು ಊರ ಹೊರಗ ಜೋಪಡಿ. ಇದು ಹುಬ್ಬಳ್ಳ್ಯಾಗ ಹಾಲ ಕುಡಿಯೋ ಕೂಸಿಗೂ ಗೊತ್ತು. ಪೇಪರಿಗೆ ಮಾತ್ರ ಗೊತ್ತಿರಲಿಲ್ಲ. 'ಊರಿನಲ್ಲಿರುವುದು ಸಾಧಾರಣ ಜ್ವರ. ಹತ್ತಿ ವ್ಯಾಪಾರ ಭರದಿಂದ ಸಾಗಿದೆ' ಅಂತ ಅದರಾಗ ಬರದಿದ್ರು.

ಬಾಜೂ ಮನಿ ಕಾಕಾ ಹತ್ತಿ ಬೀಜ ಬಿಡಿಸೋ ಜಿನ್ನಿನ್ಯಾಗ ಮಿಸ್ತ್ರಿ. ಅವನ ಸೊಸಿ ತುಂಬಿದ ಬಸರಿ. ಅಕಿನ್ನ ಬೆಂಗೇರಿ ಕಡೆ ಬಯಲಿಗೆ ಕರಕೊಂಡ ಹೋಗಬೇಕಂದ್ರ ಜಿನ್ನಿನವರು ರಜಾ ಕೊಡವಲ್ರು. "ಪ್ಲೇಗ ಬಂದೈತಂತ ಸರ್ಕಾರ ಡಂಗುರಾ ಸಾರಲಿ, ಆಮ್ಯಾಲೆ ನೋಡೂಣು" ಅಂದ್ರಂತ.

"ನೀ ನಾಕ ಅಕ್ಷರ ಓದಿದಾಂವ. ಹೋಗಿ ಆರೋಗ್ಯದ ಸಾಹೇಬರಿಗೆ ಹೇಳಿ ಬಾರೋ ಬೇಟಾ" ಅಂದ ಕಾಕಾ.

ನಾ ಓದಿದ್ದು ಅಷ್ಟಕ್ಕಷ್ಟ, ಶಾಣ್ಯಾತನ ಮಾತ್ರ ಚೀಲಗಟ್ಲೆ. ಬರೇ ಬಾಯಿಮಾತು ನಂಬಲಿಕ್ಕಿಲ್ಲಂತ ಒಂದ ಸತ್ತ ಇಲಿ ಇಕ್ಕಳದಾಗ ಹಿಡದು ಪೇಢೆ ಡಬ್ಬ್ಯಾಗ ಹಾಕಿದೆ. ಖಾದಿ ಟೊಪ್ಪಿಗಿ ಇಟಗೊಂಡು, ಮದುಮಗನಂಗ ಆರೋಗ್ಯದ ಆಫೀಸಿಗೆ ಹೊಂಟೆ.

ಡಬ್ಬಿ ನೋಡಿ ಕಾರಕೂನನ ಮಾರಿ ಅರಳ್ತು. "ಧಾರವಾಡದ್ದೇನೋ ತಮ್ಮಾ?"

"ನಮ್ಮ ಓಣೀದ್ರೀ" ಅಂದೆ.

ಮುಚ್ಚಳ ತಾನ ತಗದ. ಕುರ್ಚಿ, ಶಾಯಿ ದೌತಿ, ಕಾರಕೂನ, ಮೂರೂ ಒಮ್ಮೆಲೆ ನೆಲಕ್ಕ. ಆ ಆಫೀಸಿನ್ಯಾಗ ಅಳ್ಳಾಡದ ಉಳದಿದ್ದು ಇಲಿ ಒಂದ.

ಸಾಹೇಬರು ಬಾಗಲದಾಗ ನಿಂತ ಕೇಳಿದ್ರು, "ಇದು ಪ್ಲೇಗಿನ ಇಲಿ ಅಂತ ಯಾರ ಹೇಳಿದ್ರು?"

"ಅದನ್ನ ಕೇಳೋಣಂದ್ರ ಸತ್ತೈತ್ರಿ."

ಬಾಗಲ ಕಾಯೋ ಪಟ್ಟೇವಾಲಾ ನನ್ನ ಕೊಳ್ಳಪಟ್ಟಿ ಹಿಡದು ಹೊರಗ ದಬ್ಬಿದ. ಮನಿಗೆ ಬಂದ್ರ ಅವ್ವ ಒಳಗ ಬಿಡಲಿಲ್ಲ. ಅಂಗಳದಾಗ ನಿಲ್ಲಿಸಿ, ಸುಡು ಸುಡು ನೀರು ಸುರುವಿ, ಬದನೀಕಾಯಿ ಬೇಯಿಸಿದಂಗ ಬೇಯಿಸಿದ್ಲು.

ಮರುದಿನ ಪೇಪರದಾಗ ನಾನು! 'ವದಂತಿ ಹರಡುವ ಕಿಡಿಗೇಡಿಯಿಂದ ಕಚೇರಿಯಲ್ಲಿ ದಾಂಧಲೆ. ಜನರು ಗಾಬರಿಯಾಗಬಾರದು.' ಓಣ್ಯಾಗ ಬಿದ್ದ ಇಲಿ ಬಗ್ಗೆ ಒಂದ ಸಾಲಿಲ್ಲ. ನನ್ನ ಹೆಸರು ಹಾಕಲಿಲ್ಲಂತ ಮೊದಲ ಸಿಟ್ಟ ಬಂತು. ಖರೇ ಸಿಟ್ಟು ಆಮ್ಯಾಲೆ ಬಂತು.

ಕಾಕಾ ಕಾಯಲಿಲ್ಲ. ಸೊಸಿನ್ನ ಚಕ್ಕಡ್ಯಾಗ ಕೂಡಿಸಿಕೊಂಡು ಬಯಲಿಗೆ ಹೋಗಿಬಿಟ್ಟ. ಹೇಳದ ಹೋದನಂತ ಜಿನ್ನಿನವರು ಕೆಲಸದಿಂದ ತಗದ್ರು. ಆಮ್ಯಾಲೆ ಸಾಹೇಬರ ಬಂಗ್ಲೇದಾಗ ಒಂದ ಇಲಿ ಬಿತ್ತು. ಅವತ್ತ ಸಂಜಿಕ್ಕನ ಡಂಗುರಾ. ನಮ್ಮ ಓಣ್ಯಾಗ ಬಿದ್ರ ವದಂತಿ, ಬಂಗ್ಲೇದಾಗ ಬಿದ್ರ ಪ್ಲೇಗ. ಜಿನ್ನಿನವರೂ ಉಳದ ಎಲ್ಲಾರಿಗೂ ರಜಾ ಕೊಟ್ರು.

ಪೇಪರ ತಗೊಂಡು ಕಾಕಾನ ಜೋಪಡಿಗೆ ಹೋದೆ. ಒಳಗ ಹಸಗೂಸು ಅಳಾಕತ್ತಿತ್ತು.

"ಓದು" ಅಂದ.

ಓದಿದೆ. 'ಜನರ ಅಜ್ಞಾನ ಮತ್ತು ಹೊಲಸಿನಿಂದ ರೋಗ ಹಬ್ಬಿದೆ. ಸರ್ಕಾರವು ಸಕಾಲದಲ್ಲಿ ಎಚ್ಚರಿಸಿದೆ.'

"ಯಾರನ್ನ ಎಚ್ಚರಿಸಿತಂತ?"

"ನಮ್ಮನ್ನ, ಕಾಕಾ."

"ನನ್ನ ಕೆಲಸ ತಿರುಗಿ ಕೊಡ್ತಾರೇನು, ಅದನ್ನರ ಬರದಾರೇನ ನೋಡು."

ಹಾಳಿ ತಿರಿವಿ ತಿರಿವಿ ನೋಡಿದೆ. ಹಿಂದಿನ ಪುಟದಾಗ ಹತ್ತಿ ಧಾರಣಿ ಅಷ್ಟ ಇತ್ತು.