ಶಕ್ತಿಯ ಗುಳಿಗೆ

ಹುಕ್ಕೇರಿಯ ನನ್ನ ಔಷಧಿ ಅಂಗಡಿಗೆ ಪರೀಕ್ಷೆಯ ದಿನಗಳಲ್ಲಿ ಬರುವ ಅಪ್ಪ ಅಮ್ಮಂದಿರೆಲ್ಲ ಕೇಳುವುದು ಒಂದೇ, ಮಕ್ಕಳಿಗೆ ಶಕ್ತಿ ಬರುವ ಗುಳಿಗೆ. ಉತ್ತರ ಹೇಳಿ ಹೇಳಿ ನನಗೂ ಸಾಕಾಗಿತ್ತು. ಅಂಥ ಒಂದು ಮಧ್ಯಾಹ್ನ ಬೆಲ್ಲದ ಬಾಗೇವಾಡಿಯ ತಾಯಿಯೊಬ್ಬಳು ಪಿಯುಸಿ ಓದುವ ಮಗಳೊಂದಿಗೆ ಮತ್ತೆ ಬಂದಳು.

“ಆ ವಿಟಮಿನ್ ಏನೂ ಉಪಯೋಗ ಆಗಲಿಲ್ರಿ. ಇನ್ನೂ ಜೋರಿಂದು ಕೊಡ್ರಿ.”

ನಾನು ಹುಡುಗಿಯನ್ನೇ ಕೇಳಿದೆ. “ಏನ ಆಗತೈತಿ ತಂಗಿ?”

“ಏನೂ ಬ್ಯಾಡ ಅನಸತೈತ್ರಿ ಕಾಕಾ. ಊಟಾನೂ ಬ್ಯಾಡ, ಗೆಳತ್ಯಾರೂ ಬ್ಯಾಡ. ಮುಂಜಾನೆ ಯಾಕರ ಎಚ್ಚರ ಆಗತೈತೋ ಅನಸತೈತಿ.”

“ಅಕ್ಕಾರ, ಇದಕ್ಕ ವಿಟಮಿನ್ ಸಾಲೂದಿಲ್ರಿ,” ಎಂದೆ. “ಗೋಕಾಕದಾಗ ಮನಸ್ಸಿನ ಡಾಕ್ಟರ್ ಅದಾರ. ಇವತ್ತ ತೋರಸ್ರಿ.”

ತಾಯಿಗೆ ಸಿಟ್ಟು ಬಂತು. “ನನ್ನ ಮಗಳಿಗೇನು ಹುಚ್ಚ ಹಿಡದೈತೇನ್ರಿ? ನಡಿಯವ್ವಾ, ಮನಿಗೆ ಹೋಗೂಣ.”

“ಮನಿಗೆ ಬ್ಯಾಡವ್ವಾ. ಗೋಕಾಕಕ್ಕ ಹೋಗೂಣ,” ಎಂದಳು ಹುಡುಗಿ.

ತಾಯಿ ಮಗಳ ಮುಖವನ್ನೇ ನೋಡಿದಳು. ಆಮೇಲೆ ನನ್ನತ್ತ ತಿರುಗಿ, “ಇವರಪ್ಪ ಹುಡಕ್ಕೊಂತ ಬಂದರ, ಕಣ್ಣ ತೋರಸಾಕ ಹೋಗ್ಯಾರಂತ ಹೇಳ್ರಿ,” ಎಂದಳು.

ಸಂಜೆ ಆತ ಬಂದ. ನಾನು ಹಾಗೆಯೇ ಹೇಳಿದೆ.

ಹುಡುಗಿ ಈಗಲೂ ಗೋಕಾಕಕ್ಕೆ ಹೋಗಿಬರುತ್ತಾಳೆ, ಬಂದಾಗ ನನ್ನ ಜೊತೆ ನಾಲ್ಕು ಮಾತಾಡುತ್ತಾಳೆ. ಅಪ್ಪ ಮಾತ್ರ ಸಿಕ್ಕಾಗಲೆಲ್ಲ, ಇಷ್ಟು ಸಲ ತೋರಿಸಿದರೂ ಚಸ್ಮಾ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾನೆ.