ಕುದುರೆಗೆ ಎಣ್ಣೆ ತಿಕ್ಕಿದ ಕೈ

ವಂಡ್ಸೆಯ ನಮ್ಮ ಮನೆಯಲ್ಲಿ ಕಂಬಳದ ಕೋಣಗಳಿದ್ದ ಕಾಲದಿಂದಲೂ ನನ್ನ ಕೈಗೆ ಒಂದು ಹೆಸರಿತ್ತು. ಎಣ್ಣೆ ಸುರಿದು, ಗೆಣ್ಣು ಒತ್ತಿ, ಮೊಣಕೈ ಹಾಕಿ ಬೆನ್ನಿಂದ ತೊಡೆಯವರೆಗೆ ತಿಕ್ಕಿದರೆ ಕೋಣ ಫಳಫಳ ಹೊಳೆಯುತ್ತಿತ್ತು. ಊರವರು ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿದ್ದೇ ಉಬ್ಬಿದ್ದು. ಈಗ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಹೋದ ವರ್ಷ ಭಾವ, ಅಂದರೆ ಅಕ್ಕನ ಗಂಡ, ಕಡಲ ಬದಿಯ ಬೀಜಾಡಿಯ ತಮ್ಮ ಮನೆಯಲ್ಲಿ ಒಂದು ಬಿಳಿ ಕುದುರೆ ತಂದು ಕಟ್ಟಿದರು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು, ಅಲ್ಲಿನ ಕಡಲ ದಂಡೆಯಲ್ಲಿ ಕುದುರೆ ಸವಾರಿ ಕಂಡಿದ್ದರಂತೆ. ರಜೆಗೆ ಬಂದವರನ್ನು ಅದರ ಮೇಲೆ ಕೂರಿಸುವುದು, ಮದುವೆ ಗೊತ್ತಾದ ಜೋಡಿಗಳ ಫೋಟೋಗೆ ನಿಲ್ಲಿಸುವುದು. ಜನ ಅದರ ಬಾಯಿಗೆ ಚಿಪ್ಸ್ ತುರುಕುತ್ತಿದ್ದರು, ಜುಟ್ಟು ಎಳೆದು ಹಲ್ಲು ಕಿರಿಯುತ್ತಿದ್ದರು. ಸಂಜೆ ಹೊತ್ತಿಗೆ ಬೆನ್ನು ಹಲಗೆಯಂತಾಗಿ, ಮುಟ್ಟಿದರೆ ಚರ್ಮ ಅದುರುತ್ತಿತ್ತು.

“ಹ್ವಾಯ್, ಕೋಣನ್ ತಿಕ್ಕಿದ್ ಕೈ ಅಲ್ದಾ? ಇದ್ಕೂ ಸ್ವಲ್ಪ ತಿಕ್ಕ್ ಮಾರಾಯ,” ಎಂದರು ಭಾವ.

ತಿಕ್ಕಿದೆ. ನಾಲ್ಕು ದಿನ, ಧಾರಾಳ ತೆಂಗಿನೆಣ್ಣೆ ಸುರಿದು, ಕೋಣಕ್ಕೆ ತಿಕ್ಕಿದಂತೆಯೇ. ಕುದುರೆ ಕಿವಿ ಹಿಂದಕ್ಕೆ ಒತ್ತಿ ಹಲ್ಲು ಕಡಿಯಿತು, ಸುಖಕ್ಕೆ ಎಂದುಕೊಂಡೆ. ಕಂಬಳದ ಕೋಣದ ಮೇಲೆ ಯಾರೂ ಕೂರುವುದಿಲ್ಲ, ಕುದುರೆಯ ಮೇಲೆ ಜೀನು ಬೀಳುತ್ತದೆ ಎಂಬಷ್ಟು ಬುದ್ಧಿಯೂ ನನಗೆ ಹೊಳೆಯಲಿಲ್ಲ. ಎಣ್ಣೆಗೆ ಕಡಲ ಮರಳು ಮೆತ್ತಿತು. ಅದರ ಮೇಲೆ ಜೀನು, ಜೀನಿನ ಮೇಲೆ ದಡೂತಿ ಜನ. ಐದನೆಯ ದಿನ ಜೀನಿನಡಿಯ ಬಟ್ಟೆ ಎತ್ತಿದರೆ ಜೊತೆಗೆ ಚರ್ಮವೂ ಎದ್ದು ಬಂತು. ಕೀವು, ಮುಗ್ಗಲು ಎಣ್ಣೆ, ನೊಣ. ಕೀವಿಗಿಂತ ನನ್ನ ಕೈಯೇ ಹೆಚ್ಚು ಹೇಸಿಗೆಯಾಗಿ ಕಂಡಿತು.

ಕುಂದಾಪುರದಿಂದ ಬಂದ ಪಶುವೈದ್ಯೆ ಬೈಯಲಿಲ್ಲ; ಬೈದಿದ್ದರೆ ವಾಸಿಯಿತ್ತು. ಗಾಯ ತೊಳೆದು ಮದ್ದು ಹಚ್ಚಿ, ಒಂದು ತಿಂಗಳು ಜೀನು ಮುಟ್ಟಿಸಬಾರದು ಎಂದರು. ಆಮೇಲೆ ನನ್ನ ಕೈ ಹಿಡಿದು ಕುದುರೆಯ ಕುತ್ತಿಗೆಯ ಮೇಲಿಟ್ಟರು.

“ಒತ್ತಬೇಡಿ, ತಿಕ್ಕಬೇಡಿ. ಸುಮ್ಮನೆ ಇಟ್ಟು ಕಾಯಿರಿ. ಅದು ಉಸಿರು ಬಿಟ್ಟ ಮೇಲೆ ಕೈ ಮುಂದಕ್ಕೆ ಸರಿಸಿ.”

ದಿನಾ ಬೆಳಿಗ್ಗೆ ಹೋಗಿ ಕೈಯಿಟ್ಟು ಕಾದೆ. ಮೊದಲ ವಾರ ಅದು ಸರಿದು ಸರಿದು ಹಟ್ಟಿಯ ಗೋಡೆಗೆ ಒರಗುತ್ತಿತ್ತು. ಎರಡನೆಯ ವಾರ ಒಂದು ಬೆಳಿಗ್ಗೆ ಅಂಗೈಯಡಿಯ ನಡುಕ ನಿಂತಿತು. ತಲೆ ತಗ್ಗಿತು, ಕೆಳತುಟಿ ಜೋತಿತು, ದೊಡ್ಡದೊಂದು ಆಕಳಿಕೆ ಬಂತು. ಸುಳ್ಳೇಕೆ ಹೇಳಲಿ, ನನಗೆ ಕಣ್ಣು ತುಂಬಿತು. ಬಾಗಿಲಲ್ಲಿ ನಿಂತು ಭಾವನೂ ಅದನ್ನು ನೋಡುತ್ತಿದ್ದರು.

ಮೂರನೆಯ ವಾರ ಶಿರೂರಿನಿಂದ ಒಂದು ಜೋಡಿ ಫೋಟೋಗೆ ಬಂತು. ಭಾವ ಜೀನು ಎತ್ತಿಕೊಂಡು ಬಂದದ್ದೇ ಕುದುರೆ ಹಿಂಗಾಲು ಝಾಡಿಸಿತು.

“ನೀ ಕುತ್ಗಿ ಮೇಲ್ ಕೈ ಇಡ್, ಸುಮ್ನಾತ್ತ್,” ಎಂದರು ನನಗೆ.

“ಬ್ಯಾಡ ಭಾವ, ಗಾಯ ಇನ್ನೂ ಹಸಿ ಇತ್ತ್.”

“ಹತ್ತೇ ನಿಮಿಷ. ಎಂತದೂ ಆತಿಲ್ಲೆ. ಅವ್ರ್ ಕಾಯ್ತಾ ಇದ್ರ್.”

ಬಂದವರ ಎದುರು ಅಕ್ಕನ ಗಂಡನೊಂದಿಗೆ ಜಗಳವೇ ಎಂಬ ದಾಕ್ಷಿಣ್ಯ. ಹಾಳು ದಾಕ್ಷಿಣ್ಯ! ಕೈಯಿಟ್ಟೆ. ಕುದುರೆ ಉಸಿರು ಬಿಟ್ಟು ತಲೆ ತಗ್ಗಿಸಿತು. ಭಾವ ಬೆನ್ನಿಗೆ ಜೀನು ಹಾಕಿ ಪಟ್ಟಿ ಬಿಗಿದರು. ಅಂಗೈಯಡಿಯಲ್ಲಿ ಇಡೀ ಮೈ ಒಮ್ಮೆ ನಡುಗಿತು. ಆದರೂ ಅದು ಒದೆಯಲಿಲ್ಲ. ನನ್ನ ಕೈ ಅಲ್ಲೇ ಇತ್ತಲ್ಲ. ಹುಡುಗಿ ಹತ್ತಿ ಕೂತು ಕಪ್ಪು ಕನ್ನಡಕ ಸರಿಮಾಡಿಕೊಂಡು, “ಎಷ್ಟ್ ಪಾಪದ್ ಕುದ್ರಿ, ಸುಮ್ನೆ ನಿಂತಿತ್ತ್!” ಎಂದಳು. ಥೂ.

ಜೀನು ಇಳಿಸಿದಾಗ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಆಮೇಲೆ ಅಕ್ಕ ಜೀನನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದಳು, ಗಾಯ ನಿಧಾನಕ್ಕೆ ಮಾಯಿತು. ಈಗ ಆ ಕುದುರೆ ಅಕ್ಕ ಬಂದರೆ ಕತ್ತು ಚಾಚುತ್ತದೆ, ವೈದ್ಯೆ ಬಂದರೂ ಚಾಚುತ್ತದೆ, ಜೀನು ಬಿಗಿದ ಭಾವ ಬಂದರೂ ಹುಲ್ಲಿಗೆ ಬಾಯಿ ಚಾಚುತ್ತದೆ. ನಾನು ಬರಿಗೈಯಲ್ಲಿ ಹತ್ತಿರ ಹೋದರೆ ಮಾತ್ರ ಸರಿದು ಸರಿದು ಗೋಡೆಗೆ ಒರಗುತ್ತದೆ.