ಟುವಾಲಿನ ಕೆಳಗಿನ ಉಮೇದುವಾರ

ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಕಾಡಸಿದ್ದಪ್ಪ ಕೂತದ್ದನ್ನು ಕಂಡವರು ಯಾರೂ ಇರಲಿಲ್ಲ. ಹುಟ್ಟಿದ ಕೂಡಲೇ ಸೂಲಗಿತ್ತಿಯ ಕೈಯಿಂದ ಇಳಿದು, ಹೊರಗೆ ಮೋಡ ಆಗಿದೆಯೇ ಎಂದು ನೋಡಿಬಂದ ಎಂದು ಅವನ ಮನೆಯವರು ಹೇಳುತ್ತಿದ್ದರು. ಅಷ್ಟನ್ನು ನಾನು ನಂಬುವುದಿಲ್ಲ. ಬಾಗಿಲ ತನಕ ಹೋಗಿರಬಹುದು. ಚಹಾ ನಿಂತೇ ಕುಡಿಯುತ್ತಿದ್ದ. ಊಟಕ್ಕೆ ಬಂದರೆ ಒಂದು ಮೊಣಕಾಲು ನೆಲಕ್ಕೆ ಊರಿ, ಇನ್ನೊಂದನ್ನು ಓಡಲು ಸಿದ್ಧ ಇಟ್ಟಿರುತ್ತಿದ್ದ. ಅವನ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗ ಅಡಿಗೆಯವರ ಹತ್ತಿರ ಹುಗ್ಗಿಯ ಬೆಲ್ಲ ನೋಡುತ್ತಿದ್ದನಂತೆ. ಅಕ್ಕಿಕಾಳೇ ಅವನನ್ನು ಹುಡುಕಿಕೊಂಡು ಒಳಗೆ ಹೋದವು.

ಮನೆ ಮಿರಜದಲ್ಲಿ, ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಸಾಂಗಲಿಯಲ್ಲಿ. ಬಸ್ಸು ಹತ್ತಿದರೆ ಕೂಡಬೇಕಾಗುತ್ತದೆಂದು ದಿನಾ ನಡೆದು ಬರುತ್ತಿದ್ದ, ಬಸ್ಸಿಗಿಂತ ಮೊದಲೇ ಮುಟ್ಟುತ್ತಿದ್ದ. ಬೇಸಗೆಯಲ್ಲಿ ಅವನ ನೆರಳು ದಣಿದು ದಾರಿಯ ಬೇವಿನ ಗಿಡದ ಬುಡದಲ್ಲಿ ಉಳಿದುಬಿಡುತ್ತಿತ್ತು. ಸಂಜೆ ಮರಳುವಾಗ ಅದನ್ನು ಎಬ್ಬಿಸಿಕೊಂಡು ಮನೆಗೆ ಹೋಗುತ್ತಿದ್ದ.

ಈ ಚಡಪಡಿಕೆಯೆಲ್ಲ ಇಳಿದು ಬಂದು ಬೀಡುಬಿಟ್ಟಿದ್ದು ಅವನ ಬೆರಳುಗಳಲ್ಲಿ. ನಮ್ಮ ಓಣಿಯ ಹಳೆಯ ಪದ್ಧತಿ ಏನೆಂದರೆ, ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಹಿಡಿದುಕೊಂಡು ಮೇಲೆ ಟುವಾಲು ಮುಚ್ಚುತ್ತಾರೆ. ಒಳಗೆ ಎಷ್ಟು ಬೆರಳು ಹಿಡಿದರೋ ಅಷ್ಟು ದರ. ಹೊರಗೆ ಬಾಯಿ ಏನಾದರೂ ಅನ್ನಲಿ, ‘ಈ ಮಾಲು ಪುಕ್ಕಟೆ ಕೊಟ್ಟರೂ ಒಯ್ಯೂದಿಲ್ಲ’ ಅನ್ನಲಿ, ಅದು ಸುತ್ತ ನಿಂತವರ ದಾರಿ ತಪ್ಪಿಸಲಿಕ್ಕೆ. ಬಾಯಿ ಸುಳ್ಳು ಹೇಳಬಹುದು, ಬೆರಳು ಹೇಳಬಾರದು. ಕೊನೆಗೆ ಅಂಗೈ ಒತ್ತಿದರೆ ಸೌದಾ ಮುಗಿಯಿತು. ಒತ್ತಿದ ಮಾತು ಮುರಿದವನ ಅಂಗಡಿಗೆ ಮರುದಿನದಿಂದ ನೊಣವೂ ಬರುವುದಿಲ್ಲ. ಬಹಿರಂಗವಾಗಿ ಕೂಗಿ ಲಿಲಾವು ಮಾಡಬೇಕೆಂದು ಸರಕಾರ ಕಾಯದೆ ಮಾಡಿದ ಮೇಲೂ ಕೂಗುವವನು ಕೂಗುತ್ತಿದ್ದ, ಟುವಾಲುಗಳು ತಮ್ಮ ಕೆಲಸ ತಾವು ಮಾಡುತ್ತಿದ್ದವು.

ಕಾಡಸಿದ್ದಪ್ಪ ನಿದ್ದೆಯಲ್ಲಿಯೂ ಕೌದಿಯ ಕೆಳಗೆ ಹೆಂಡತಿ ಬಾಳವ್ವನ ಕೈ ಸಿಕ್ಕರೆ ದರ ಮಾಡಲು ಸುರು ಮಾಡುತ್ತಿದ್ದ. ಬಾಳವ್ವ ನಿದ್ದೆಯಲ್ಲಿಯೇ ಎರಡು ಬೆರಳು ಕಡಿಮೆ ಮಾಡುತ್ತಿದ್ದಳು. ಅವಳೂ ಅಡತಿ ಮನೆಯ ಮಗಳು.

ಇಂಥವನು ೧೯೭೮ರಲ್ಲಿ ಮಹಾರಾಷ್ಟ್ರದ ವಿಧಾನಸಭೆಗೆ ನಿಂತದ್ದಕ್ಕೆ ಕಾರಣ ಒಂದು ಪೈಪು.

ಆಗ ನಮ್ಮ ಸೀಮೆಯಲ್ಲಿ ಪಾರಿಸಣ್ಣ ಎಂಬ ದೊಡ್ಡವರಿದ್ದರು. ಸಕ್ಕರೆ ಕಾರಖಾನೆಗೆ ಅವರೇ ಚೇರಮನ್ನರು, ಹಾಲಿನ ಸಂಘಕ್ಕೆ ಅವರೇ, ಪತ್ತಿನ ಸಂಘಕ್ಕೆ ಅವರೇ. ಎಲ್ಲ ಕಡೆಯೂ ಅವಿರೋಧ ಆಯ್ಕೆ. ಅವರ ಎದುರು ಕನ್ನಡಿ ಕೂಡ ನಿಲ್ಲಲು ಅಂಜುತ್ತಿತ್ತು ಎನ್ನುತ್ತಾರೆ. ಕ್ಷೌರಿಕ ಅಂದಾಜಿನ ಮೇಲೆ ಗಡ್ಡ ಮಾಡುತ್ತಿದ್ದ. ಕೃಷ್ಣೆಯ ನೀರು ಎತ್ತಲಿಕ್ಕೆ ಅವರು ಮ್ಹೈಸಾಳದ ಕಡೆ ಹಾಕಿಸಿದ ಪೈಪು, ಕಬ್ಬು ಕಂಡಲ್ಲೆಲ್ಲ ಬಾಯಿ ತೆರೆದು, ಕಬ್ಬು ಮುಗಿದಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಅಲ್ಲಿಂದ ಮೂಡಣಕ್ಕೆ ಎಂಟು ಹಳ್ಳಿ. ಕಾಡಸಿದ್ದಪ್ಪನ ಅಂಗಡಿಗೆ ಅರಿಷಿಣ ತರುವವರು ಆ ಹಳ್ಳಿಯವರೇ. ನೀರಿಲ್ಲದೆ ಅವರ ಅರಿಷಿಣದ ಕೊಂಬು ವರ್ಷ ವರ್ಷ ಸಣ್ಣದಾಗುತ್ತ ಬಂದು, ಆ ಸುಗ್ಗಿಯಲ್ಲಿ ಜೀರಿಗೆ ಎಂದು ಮಾರಬಹುದಾಗಿತ್ತು.

ಒಂದು ದಿನ ಕಾಡಸಿದ್ದಪ್ಪ ಅದೇ ಸಿಟ್ಟಿನಲ್ಲಿ ಅಂಗಡಿಯೊಳಗೆ ಶತಪಥ ಹಾಕುತ್ತಿದ್ದಾಗ, ಹಮಾಲರ ಮುಂದಾಳು ಧರೆಪ್ಪ ಚೀಲ ಇಳಿಸಿ ಬೆವರು ಒರೆಸಿಕೊಂಡ. ಅಥಣಿ ಕಡೆಯಿಂದ ದುಡಿಯಲು ಬಂದು ಇಲ್ಲಿಯವನೇ ಆದವನು ಧರೆಪ್ಪ.

“ಸಾವಕಾರ್ರ, ಹಿಂಗ ಅಂಗಡಿ ಫರಸಿ ಸವಸೂದಕಿಂತ ನೀವ ಆಮದಾರ ಆಗ್ರೆಲ್ಲ. ಮುಂಬೈದಾಗ ಅಸೆಂಬ್ಲಿ ಅಂದ್ರ ಭಾಳ ದೊಡ್ಡ ಜಾಗಾ ಅಂತ. ತಿರುಗ್ಯಾಡಾಕ ಚಲೋ ಆಕ್ಕೈತಿ.”

“ಆಗ್ತೀನಿ. ನೀ ಏನ್ ಮಾಡ್ತಿ?”

“ನಾ ಏನ್ ಮಾಡ್ಲ್ರಿ? ಚೀಲಾ ಹೊತ್ತಂಗ ನಿಮ್ಮನ್ನ ಹೊರತೀನಿ. ಚೀಲಾ ಆದ್ರ ಸುಮ್ಮ ಕುಂದರ್ತಾವ, ನೀವು ಜಿಗದ ಹೋಗ್ತೀರಿ, ಅದ ಚಿಂತಿ.”

ಹಮಾಲರೆಲ್ಲ ನಕ್ಕರು. ಬೇರೆಯವನಾಗಿದ್ದರೆ ನಗುವಿನೊಡನೆ ಮಾತೂ ಮುಗಿಯುತ್ತಿತ್ತು. ಆದರೆ ಇವನ ಕಾಲು ಆಗಲೇ ಹೊರಟಿದ್ದವು. ನಗು ಅಡಗುವುದರೊಳಗೆ ಮಿರಜದ ಕಚೇರಿ ಮುಟ್ಟಿ, ಪಕ್ಷೇತರ ಉಮೇದುವಾರನಾಗಿ ಅರ್ಜಿ ಕೊಟ್ಟು, ಹೆಂಡತಿಗೆ ಸುದ್ದಿ ಹೇಳಲು ಮನೆಯ ಕಡೆ ತಿರುಗಿದ್ದ.

“ಎಂಟ ಹಳ್ಳಿಗಿ ನೀರ ತರ್ತೀನಿ ಅಂತ ಹೇಳಿ ಬಂದೇನಿ” ಎಂದ.

“ಮೊದಲ ನಮ್ಮ ನಳಕ್ಕ ತರ್ರಿ” ಎಂದಳು ಬಾಳವ್ವ. ಆದರೂ ಮರುದಿನ ಅವಳೇ ಅವನ ಧೋತರಕ್ಕೆ ಇಸ್ತ್ರಿ ಮಾಡಿಸಿದಳು.

ಪ್ರಚಾರಕ್ಕೆ ಹೋದಲ್ಲೆಲ್ಲ ಅವನು ಹಿಡಿದ ಕೈ ಹಳದಿ, ತಟ್ಟಿದ ಬೆನ್ನು ಹಳದಿ, ಎತ್ತಿಕೊಂಡ ಕೂಸು ಹಳದಿ. ವಾರದೊಳಗೆ ಮಿರಜ ಅರ್ಧ ಹಳದಿಯಾಯಿತು. ಕರ್ನಾಟಕದಿಂದ ದವಾಖಾನೆಗೆಂದು ರೈಲಿಳಿದವರು ಈ ಊರಿಗೇ ಕಾಮಾಲೆ ಎಂದು ತಿಳಿದು ಅದೇ ರೈಲು ಹತ್ತಿ ಹಿಂದಕ್ಕೆ ಹೋದರು. ಭಾಷಣಕ್ಕೆ ನಿಂತರೆ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಟ. ಮೈಕಿನ ಮುಂದೆ ಹಾದುಹೋಗುವಾಗ ಆಡಿದ ಶಬ್ದ ಮಾತ್ರ ಕೇಳುತ್ತಿತ್ತು. “ನೀರು” ಎಂದು ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ “ಪೈಪು”, ಮತ್ತೆ ಸ್ವಲ್ಪ ಹೊತ್ತಿಗೆ “ನೀರು”. ಇಷ್ಟು ಸ್ಪಷ್ಟವಾದ ಭಾಷಣವನ್ನು ಆ ಎಂಟು ಹಳ್ಳಿಯವರು ಎಂದೂ ಕೇಳಿರಲಿಲ್ಲ. ಹಾದಿಗೆ ಬಂದು ನಿಲ್ಲತೊಡಗಿದರು.

ಪಾರಿಸಣ್ಣನವರೂ ಅದೇ ಕ್ಷೇತ್ರಕ್ಕೆ ಉಮೇದುವಾರರು. ಉಳಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, ಚಹಾ ಕುಡಿಸಿ, ಅರ್ಜಿ ಹಿಂದಕ್ಕೆ ತೆಗೆಸಿದ್ದರು. ಉಳಿದದ್ದು ಕಾಡಸಿದ್ದಪ್ಪ ಒಬ್ಬನೇ. ಅರ್ಜಿ ಹಿಂದೆ ತೆಗೆಯುವ ಕೊನೆಯ ದಿನದ ಮುನ್ನಾದಿನ ಅವನಿಗೂ ಅವರ ಮ್ಹೈಸಾಳದ ವಾಡೆಯಿಂದ ಚಹಾಕ್ಕೆ ಕರೆ ಬಂತು.

ಧರೆಪ್ಪನನ್ನು ಕರೆದುಕೊಂಡು ಹೋದ. ಪಾರಿಸಣ್ಣ ತೂಗುಮಂಚದ ಮೇಲಿದ್ದರು. ಕಾಡಸಿದ್ದಪ್ಪ ಅದರ ಸುತ್ತ ತಿರುಗತೊಡಗಿದ.

“ಕುಂದರೋ ಮಾರಾಯಾ. ಮಂಚ ತೂಗೂದಕ್ಕ ತಲಿ ತಿರುಗೂದಿಲ್ಲ ನನಗ, ನಿನ್ನ ನೋಡಿ ತಿರುಗಾಕತ್ತೈತಿ.”

“ಏನ್ ಹೇಳಾವ್ರ ಅದೀರಿ ಹೇಳ್ರಿ, ಅಣ್ಣಾ. ನಾ ಅರ್ಜಿ ಅಂತೂ ಹಿಂದ ತಗಿಯಾಂವಲ್ಲ.”

“ತಗೀ ಅಂತ ಯಾರ್ ಅಂದ್ರು? ನಾನೂ ಮೊದಲ ಅರಿಷಿಣದಾಂವ, ಮರತೇನು? ನಮ್ಮಪ್ಪ ನಿಮ್ಮಪ್ಪನ ಅಡತಿಗೇ ಹಾಕತಿದ್ದ. ಎಷ್ಟ ಹಳ್ಳಿಗಿ ನೀರ ಬೇಕು, ಕೈ ಹಿಡದ ಹೇಳು.”

ಹೀಗೆಂದವರೇ ಅವನ ಕೈ ಹಿಡಿದು, ಹೆಗಲ ಮೇಲಿನ ಟುವಾಲು ತೆಗೆದು ಮೇಲೆ ಹಾಕಿದರು.

ಮುಂದಿನದನ್ನು ಧರೆಪ್ಪ ಕಣ್ಣಾರೆ ಕಂಡ. ಕಾಡಸಿದ್ದಪ್ಪನ ಬಾಯಿ, “ಮುಗಲ ಹರದ ಬಿದ್ರೂ ನಾ ಸರಿಯೂದಿಲ್ಲ! ಎಂಟು ಹಳ್ಳಿ ಮಂದಿ ನನ್ನ ನಂಬ್ಯಾರ!” ಎಂದು ಗರ್ಜಿಸುತ್ತಿತ್ತು. ಟುವಾಲು ಮಾತ್ರ ಒಳಗೆ ಇಲಿ ಹೊಕ್ಕಂತೆ ಕುಣಿಯುತ್ತಿತ್ತು. ಬಾಯಿ ಇನ್ನೂ “ಪ್ರಾಣ ಹೋದ್ರೂ” ಅನ್ನುವಾಗ ಟುವಾಲು ಒಮ್ಮೆಲೇ ನಿಂತಿತು. ಪಾರಿಸಣ್ಣ ಮಂಚದಿಂದ ಎದ್ದು ನಿಂತು, “ಆತು, ಐದ ಹಳ್ಳಿ. ನಾಳಿ ಮೂರ ಗಂಟೇದೊಳಗ ಕಚೇರಿಗಿ ಬಂದ ಅರ್ಜಿ ಹಿಂದ ತಗೀ” ಎಂದರು.

ಕಾಡಸಿದ್ದಪ್ಪ ತನ್ನ ಕೈಯನ್ನು ನೋಡಿಕೊಂಡ. ಇಡೀ ಆಯುಷ್ಯದ ಚಾಳಿ. ಟುವಾಲು ಬಿದ್ದ ಕೂಡಲೇ ಬೆರಳುಗಳು ಯಜಮಾನನನ್ನು ಕೇಳದೆ ಎಂಟು ಕೇಳಿದ್ದವು, ಅವರು ಮೂರು ಅಂದಿದ್ದರು, ಇವು ಏಳು ಅಂದಿದ್ದವು, ಐದಕ್ಕೆ ಅಂಗೈ ಒತ್ತಿಬಿಟ್ಟಿದ್ದವು. ಬೆಲೆ ಅವನ ಉಮೇದುವಾರಿಕೆ.

ಆ ಸಂಜೆ ಮನೆಯಲ್ಲಿ ಅವನು ತಿರುಗಿದ ತಿರುಗಾಟಕ್ಕೆ ನೆರೆಮನೆಯ ಬೀಸುಕಲ್ಲು ತಾನಾಗಿ ತಿರುಗಿ ಹಿಟ್ಟು ಬೀಸಿತು. ಬಿಟ್ಟ ಮೂರು ಹಳ್ಳಿ ಯಾವುವು? ಅವರಿಗೆ ಮುಖ ಹೇಗೆ ತೋರಿಸುವುದು? ಅರ್ಜಿ ಹಿಂದೆ ತೆಗೆಯದಿದ್ದರೆ ಟುವಾಲಿನ ಮಾತು ಮುರಿದ ಮೊದಲ ಅಡತಿಯವ ಎಂದು ಪೇಟೆ ಉಗಿಯುತ್ತದೆ. ತೆಗೆದರೆ ಎಂಟೂ ಹಳ್ಳಿ ಉಗಿಯುತ್ತವೆ.

ಧರೆಪ್ಪ ಹೊಸ್ತಿಲ ಹೊರಗೆ ಕೂತು, “ಕೈಗಿ ಚೀಲಾ ಹಾಕ್ಕೊಂಡ ಹೋಗಬೇಕಿತ್ರಿ, ಸಾವಕಾರ್ರ” ಎಂದ.

ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ರೀ, ನೀವ ಈ ಸೌದಾದಾಗ ಕೊಳ್ಳಾವ್ರೋ, ಮಾರಾವ್ರೋ?”

“ನೀರ ತಗೋಳಾಂವ ನಾನ.”

“ಹಂಗಾರ ಮಾಲ ನೋಡೀರೇನು?”

ಕಾಡಸಿದ್ದಪ್ಪ ತಿರುಗುತ್ತಿದ್ದವನು ಅರೆಗಳಿಗೆ ನಿಧಾನಿಸಿದ.

“ಅಂಗೈ ಒತ್ತಿದ ಮ್ಯಾಲೂ ಮಾಲ ಅಂಗಡಿ ಮುಂದ ಬರಬೇಕು, ಕೊಳ್ಳಾಂವ ಮುರದ ನೋಡಬೇಕು, ಖೊಟ್ಟಿ ಇದ್ರ ಹಿಂದಕ್ಕ ಕಳಸಬೇಕು. ನಮ್ಮಪ್ಪ ಹಂಗ ಮಾಡತಿದ್ದ. ನೀವೇನ್ ಪ್ಯಾಟಿಗಿ ನಿನ್ನೆ ಬಂದೀರಿ?”

“ಮಾಲ ಚಲೋ ಇದ್ರ?”

“ಇದ್ರ ಸುಮ್ಮ ಸಹಿ ಮಾಡಿ ಬರ್ರಿ. ಐದ ಹಳ್ಳ್ಯಾಗರ ನೀರ ಬರತಾವ” ಎಂದು ಬಾಳವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮಾಲು ತೋರಿಸಬೇಕೆಂದು ಧರೆಪ್ಪ ಬೆಳಗ್ಗೆಯೇ ವಾಡೆಗೆ ಹೇಳಿಬಂದ. ಪಾರಿಸಣ್ಣ ಇಂಥದಕ್ಕೆಲ್ಲ ಸೋಲುವವರಲ್ಲ. ಮಧ್ಯಾಹ್ನ ಕಚೇರಿಯ ಮುಂದೆ ಟ್ರ್ಯಾಕ್ಟರಿನ ಮೇಲೆ ಟ್ರ್ಯಾಕ್ಟರು ಬಂದು ನಿಂತವು. ಎಲ್ಲದರಲ್ಲಿಯೂ ಸಿಮೆಂಟಿನ ಪೈಪು. ಸಾಲು ಎಷ್ಟು ಉದ್ದ ಇತ್ತೆಂದರೆ ಅದರ ಬಾಲ ಇನ್ನೂ ಗಡಿಯಾಚೆ ಕಾಗವಾಡದಲ್ಲಿತ್ತು, ಅಲ್ಲಿಯ ಪೊಲೀಸರು ಇದು ಯಾವ ರಾಜ್ಯದ ಪೈಪು ಎಂದು ಜಗಳ ತೆಗೆದಿದ್ದರು. ಪೇಟೆಯೂ ಬಂದಿತ್ತು, ಎಂಟು ಹಳ್ಳಿಯೂ ಬಂದಿತ್ತು.

“ಬಂತ ನೋಡು ಮಾಲು. ಹೋಗು, ಸಹಿ ಮಾಡು” ಎಂದರು ಪಾರಿಸಣ್ಣ.

ಕಾಡಸಿದ್ದಪ್ಪ ಮೊದಲನೆಯ ಟ್ರ್ಯಾಕ್ಟರಿನ ಸುತ್ತ ತಿರುಗಿದ. ಮಾಲು ಚೆನ್ನಾಗಿದ್ದರೆ ಸಹಿ ಮಾಡಲೇಬೇಕು. ಅರಿಷಿಣದ ಕೊಂಬು ತಟ್ಟಿದಂತೆ ಬೆರಳ ಗೆಣ್ಣಿನಿಂದ ಪೈಪು ತಟ್ಟಿ ಸಪ್ಪಳ ಕೇಳಿದ. ಬದ್ ಎಂದಿತು. ಒಳಗೆ ತಲೆ ಹಾಕಿ ಮೂಸಿದ. ಹೊರಗೆ ತೆಗೆದಾಗ ಮೂಗಿನ ತುದಿ ಕಪ್ಪಗೆ ಅಂಟಂಟಾಗಿತ್ತು, ನಾಲ್ಕು ನೊಣ ಬೆನ್ನು ಹತ್ತಿದ್ದವು.

“ಅಣ್ಣಾ, ಕಾಕಂಬಿ ವಾಸನಿ ಹೊಡ್ಯಾಕತ್ತೈತಿ. ಇದು ನಿಮ್ಮ ಕಾರಖಾನಿ ಗಟಾರದ್ದು, ಕಿತ್ತ ತಂದೀರಿ. ಮಾಲ ನಾಪಾಸ.”

ಪೇಟೆಯವರೆಲ್ಲ ಒಟ್ಟಿಗೆ ಹೌದೆಂದು ತಲೆಯಾಡಿಸಿದರು. ಮಾಲು ಖೊಟ್ಟಿಯಾದರೆ ಕೊಟ್ಟ ಮಾತಿಗೆ ಕಟ್ಟುಬೀಳಬೇಕಿಲ್ಲ. ಸೌದಾ ಮುರಿಯಿತು. ಅವನ ಮರ್ಯಾದೆಗೆ ಗೀರೂ ಬೀಳಲಿಲ್ಲ.

ಆದರೆ ಮೂರು ಗಂಟೆಗೆ ಇನ್ನೂ ಹೊತ್ತಿತ್ತು. ಪಾರಿಸಣ್ಣ ನಗುತ್ತಲೇ ಅವನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದರು. ಹೆಗಲ ಮೇಲೆ ಇಸ್ತ್ರಿ ಮುರಿಯದ ಟುವಾಲು.

“ಶಾಣ್ಯಾ ಅದೀ ಬಿಡು. ಹೊಸಾ ಸೌದಾ ಮಾಡೂಣು. ಎಂಟಕ್ಕ ಎಂಟೂ ಹಳ್ಳಿ. ಹೊಸಾ ಪೈಪು. ಕೈ ತಾ.”

ಕಾಡಸಿದ್ದಪ್ಪನ ಬಲಗೈ ಮೊಳದಷ್ಟು ಮುಂದೆ ಹೋಯಿತು. ಎಡಗೈಯಿಂದ ಹಿಡಿದು ಎಳೆದುಕೊಂಡ. ಈಗ ಎಡಗೈ ಹೊರಟಿತು. ಟುವಾಲು ಕಂಡರೆ ಅವು ಬದುಕಿರುವವರೆಗೆ ಸುಮ್ಮನಿರುವ ಕೈಗಳಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಪಾರಿಸಣ್ಣನವರಿಗೆ ಗೊತ್ತಿತ್ತು. ಅವರು ಅವನ ಹಿಂದೆ, ಅವನು ಟ್ರ್ಯಾಕ್ಟರಿನ ಹಿಂದೆ. ಟುವಾಲು ಹಾರಿದಲ್ಲೆಲ್ಲ ಕೈ ಹಾರುತ್ತಿತ್ತು.

ಕಚೇರಿಯ ಪಡಸಾಲೆಯಲ್ಲಿ ಒಂದು ಬೆಂಚು ಇತ್ತು. ಕಾಡಸಿದ್ದಪ್ಪ ಓಡಿ ಹೋಗಿ, ಎರಡೂ ಅಂಗೈಗಳನ್ನು ಬೆಂಚಿನ ಮೇಲಿಟ್ಟು, ಅವುಗಳ ಮೇಲೆ ಕೂತುಬಿಟ್ಟ.

ಮುದುಕರು ಟೊಪ್ಪಿಗೆ ತೆಗೆದರು. ಮಿರಜ ಸ್ಟೇಷನ್ನಿನಲ್ಲಿ ಹೊರಟ ರೈಲೊಂದು ಸುದ್ದಿ ಕೇಳಿ ಹಿಂದಕ್ಕೆ ಬಂದಿತೆಂದು ಹೇಳುವವರೂ ಇದ್ದಾರೆ.

“ಏ, ಏಳೋ. ಹುಚ್ಚ ಹಿಡದೈತೇನು?” ಎಂದರು ಪಾರಿಸಣ್ಣ, ಟುವಾಲನ್ನು ಅವನ ಮಡಿಲಲ್ಲಿ ಹಾಕಿ.

“ಇವತ್ತ ನನಗ ಕೈ ಇಲ್ರಿ, ಅಣ್ಣಾ. ಏನಿದ್ರೂ ಬಾಯಿಲೆ ಹೇಳ್ರಿ. ಇಷ್ಟ ಮಂದಿ ಕೇಳಲಿ. ಎಂಟ ಹಳ್ಳಿಗಿ ಹೊಸಾ ಪೈಪ ಹಾಕತೀನಿ ಅಂತ ಒದರಿ ಹೇಳ್ರಿ, ಈಗ ಎದ್ದ ಹೋಗಿ ಸಹಿ ಮಾಡ್ತೀನಿ.”

ಪಾರಿಸಣ್ಣ ಜನರ ಕಡೆ ತಿರುಗಿದರು. ಬಾಯಿ ತೆರೆದರು. ಕಬ್ಬಿನವರು ತಮ್ಮ ನೀರು ಹೋದೀತೆಂದು ಒಂದು ಕಡೆ ನಿಂತು ಅವರನ್ನೇ ನೋಡುತ್ತಿದ್ದರು, ಎಂಟು ಹಳ್ಳಿಯವರು ಇನ್ನೊಂದು ಕಡೆ. ಬಾಯಿ ಮುಚ್ಚಿಕೊಂಡರು.

ಧರೆಪ್ಪ ಬಂದು ಕಾಡಸಿದ್ದಪ್ಪನ ಎರಡೂ ಹೆಗಲ ಮೇಲೆ ತನ್ನ ಭಾರ ಹಾಕಿ ನಿಂತ. “ಏಳಬ್ಯಾಡ್ರಿ ಸಾವಕಾರ್ರ, ನಾ ಹಿಡದೇನಿ.” ಕೆಳಗೆ ಬೆರಳುಗಳು ಬೆಂಚಿನೊಡನೆ ಸೌದಾ ಮಾಡುತ್ತಿದ್ದವು. ಬೆಂಚು ಭಾಳ ಜಿಪುಣ, ಎರಡರ ಮೇಲೆ ಏರಲಿಲ್ಲ ಎಂದು ಆಮೇಲೆ ಅವನೇ ಹೇಳಿದ. ಸಿಪಾಯಿ ಮೂರು ಗಂಟೆ ಬಾರಿಸಿದಾಗ ಅವನ ಎರಡೂ ಕೈ ಜೋಮು ಹಿಡಿದಿದ್ದವು. ಧರೆಪ್ಪ ಅವನನ್ನು ಚೀಲದ ಹಾಗೆಯೇ ಹೊತ್ತುಕೊಂಡು ಮನೆಗೆ ಒಯ್ದ.

ಚುನಾವಣೆಯಲ್ಲಿ ಅವನಿಗೆ ಸಿಕ್ಕ ಗುರುತು ಒಂಟೆ. ಒಂಟೆಯನ್ನು ಕಾಣದ ಜನ ಅದನ್ನು ಗೂನು ಬಿದ್ದ ಎಮ್ಮೆ ಎಂದು ತಿಳಿದು, ಕಾಯಿಲೆಯ ದನಕ್ಕೆ ಯಾರು ಓಟು ಹಾಕುತ್ತಾರೆ ಎಂದರು. ಸೋತ, ಚೆನ್ನಾಗಿಯೇ ಸೋತ. ಆದರೆ ಎದುರಾಳಿ ಉಳಿದದ್ದರಿಂದ ಪಾರಿಸಣ್ಣನವರು ಆಯುಷ್ಯದಲ್ಲಿ ಮೊದಲ ಸಲ ಓಟು ಕೇಳಲು ಆ ಎಂಟೂ ಹಳ್ಳಿಗೆ ಹೋಗಬೇಕಾಯಿತು, ಅಲ್ಲಿಯ ಸವುಳು ನೀರು ಕುಡಿಯಬೇಕಾಯಿತು, ಮೈಕು ಹಿಡಿದು ನೀರಿನ ಮಾತು ಆಡಬೇಕಾಯಿತು. ಅವರು ಆಡಿದ್ದರಲ್ಲಿ ಎರಡು ಹಳ್ಳಿಯಷ್ಟು ನಿಜವಾಯಿತು. ಉಳಿದ ಆರು ಹಳ್ಳಿಯ ಸಲುವಾಗಿ ಕಾಡಸಿದ್ದಪ್ಪ ಕಾರಖಾನೆಗೆ ಎಷ್ಟು ಸಲ ನಡೆದನೆಂದರೆ, ಅವನು ಸವೆಸಿದ ದಾರಿಯೇ ಕಾಲುವೆಯಷ್ಟು ಆಳ ಆಯಿತು. ನೀರು ಬಿಡುವುದೊಂದು ಬಾಕಿ.

ಮುಂದಿನ ಸುಗ್ಗಿಯಲ್ಲಿ ಪಾರಿಸಣ್ಣನವರ ಹೊಲದ ಅರಿಷಿಣ ಅವನ ಅಂಗಡಿಗೇ ಬಂತು. ಅವರೇ ಬಂದರು, ಕೈ ಚಾಚಿದರು, ಹೆಗಲಿನಿಂದ ಟುವಾಲು ತೆಗೆದರು.

ಕಾಡಸಿದ್ದಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರ ಸುತ್ತ ತಿರುಗತೊಡಗಿದ.

“ಬಾಯಿಲೆ ಹೇಳ್ರಿ, ಅಣ್ಣಾ.”